ಸೀರಿಯಲ್ ಪ್ರಚಾರಕ್ಕೆ 'ಕಾಣೆಯಾಗಿದ್ದಾರೆ' ಪೋಸ್ಟರ್ರೇ ಬೇಕಿತ್ತಾ?

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಅತ್ತೆ ಒಂದು 'ಕಾಣೆಯಾಗಿದ್ದಾರೆ' ಪೋಸ್ಟರ್ ಹಾಕಿದ್ದರು. ಮೇಲೆ ಕೆಂಪು ಪಟ್ಟಿ. ಹೆಣ್ಣುಮಗಳ ಫೋಟೋ, ವಯಸ್ಸು, ಎತ್ತರ, ಉಟ್ಟಿದ್ದ ಸೀರೆಯ ಬಣ್ಣ, 'ಸುಳಿವು ಸಿಕ್ಕವರು ದಯವಿಟ್ಟು ತಿಳಿಸಿ'. ಥೇಟ್ ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಅಂಟಿಸಿರುತ್ತಾರಲ್ಲ, ಹಾಗೇ. ನೋಡಿದರೆ ಆಕೆ ಸೀರಿಯಲ್ ನಾಯಕಿ! ಕಥೆಯಲ್ಲಿ ಮನೆ ಬಿಟ್ಟು ಹೋಗಿದ್ದಾಳಂತೆ. ಚಾನೆಲ್ ಹೆಸರು ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಕೆ.

ಅತ್ತೆ ಆ ಸೀರಿಯಲ್ ನೋಡುವವರಲ್ಲ. ಪಾಪ, ಯಾರ ಮನೆ ಮಗಳೋ ಅಂತ ಗೊತ್ತಿರುವವರಿಗೆಲ್ಲ ಕಳಿಸಿದ್ದಾರೆ. ವಿಷಯ ಗೊತ್ತಾದ ಮೇಲೆ ನಮ್ಮವರೇ ನಕ್ಕರು. ನನಗೆ ಮೈ ಉರಿಯಿತು. ಆಮೇಲೊಂದು ದಿನ ಅದೇ ಗ್ರೂಪಿಗೆ ಮರೆವಿನ ಕಾಯಿಲೆಯ ಅಜ್ಜರೊಬ್ಬರು ಕಾಣೆಯಾದ ನಿಜವಾದ ಪೋಸ್ಟರ್ ಬಂತು. ಬಂದ ಮೊದಲ ಉತ್ತರ, 'ಇದು ಯಾವ ಸೀರಿಯಲ್?'

ಚಾನೆಲ್‌ನವರೇ, ಟಿವಿಯಲ್ಲಾದರೆ ಶುರುವಿನಲ್ಲಿ 'ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಹಾಕುತ್ತೀರಿ. ಅದೇ ಕಥೆ ಮೊಬೈಲಿಗೆ ಬಂದ ಕೂಡಲೇ ಆ ಸಾಲು ಎಲ್ಲಿಗೆ ಹೋಯಿತು? ನಾರ್ವೆಯ ಎನ್‌ಆರ್‌ಕೆ ವಾಹಿನಿ 2015ರಲ್ಲೇ 'ಸ್ಕಾಮ್' ಧಾರಾವಾಹಿಯ ಪಾತ್ರಗಳಿಗೆ ಇನ್‌ಸ್ಟಾಗ್ರಾಮ್ ಖಾತೆ ತೆರೆದಿತ್ತು. ಅವರ ಚಾಟ್‌ಗಳನ್ನೂ ವೆಬ್‌ಸೈಟಿನಲ್ಲಿ ಹಾಕುತ್ತಿತ್ತು. ಕಥೆ ಇಷ್ಟಪಟ್ಟವರು ತಾವಾಗಿ ಹುಡುಕಿಕೊಂಡು ಹೋಗಿ ನೋಡುತ್ತಿದ್ದರು. ಅದು ಬೇರೆ. ಗೊತ್ತಿಲ್ಲದವರ ಕರುಳು ಹಿಂಡಿ ಶೇರ್ ಮಾಡಿಸಿಕೊಳ್ಳುವುದು ಬೇರೆ.

ಇನ್ನು ವಿಲನ್ ಪಾತ್ರದ ನಟಿಯರ ಪಾಡು! ಅವರ ಸ್ವಂತ ಫೋಟೋ ಕೆಳಗೆ 'ನೀನು ಹಾಳಾಗಿ ಹೋಗು' ಅಂತ ಬರೆಯುತ್ತಾರೆ. ಪಾತ್ರಕ್ಕೆ ಬೈಯುವುದು ಬೇರೆ, ಅಷ್ಟು ದುಡಿಯುವ ಹೆಣ್ಣುಮಗಳಿಗೆ ಬೈಯುವುದು ಬೇರೆ ಅಲ್ವಾ? ಆ ಗೆರೆ ಅಳಿಸಿದ್ದು ಇಂಥ ಪ್ರಚಾರವೇ.

ದುಡ್ಡು ತಗೊಂಡು ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್‌ಗಳು ಅದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹೇಳಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಈ ಮಾರ್ಗಸೂಚಿ ತಂದಿದೆ. ರೀಲ್ಸಿನಲ್ಲಿ ಸೋಪು ಮಾರುವ ಹುಡುಗಿ ಪಾಲಿಸಬೇಕಾದ ಮಾತು ಇಷ್ಟು ದೊಡ್ಡ ಚಾನೆಲ್‌ಗೆ ಯಾಕೆ ಭಾರ?

ಪ್ರಚಾರ ಮಾಡಿ, ಬೇಡ ಅನ್ನಲ್ಲ. ಫಾರ್ವರ್ಡ್ ಆಗುವಾಗ ಎಷ್ಟೋ ಸಲ ಚಿತ್ರ ಮಾತ್ರ ಹೋಗಿ, ಕೆಳಗೆ ಬರೆದದ್ದು ಅಲ್ಲೇ ಉಳಿದುಬಿಡಬಹುದು ಅನ್ನೋದು ನಿಮಗೆ ಚೆನ್ನಾಗೇ ಗೊತ್ತು. ಹಾಗಾಗಿ ಚಿತ್ರದ ಮೇಲೇ, ದಪ್ಪ ಅಕ್ಷರದಲ್ಲಿ, 'ಇದು ಧಾರಾವಾಹಿ' ಅಂತ ಬರೆಯಿರಿ. ಕಾಣೆಯಾದವರ ಪೋಸ್ಟರ್ ತಂಟೆಗಂತೂ ಬರಲೇಬೇಡಿ.