ಮಲೆನಾಡಿನ ಬೋರ್ ಬತ್ತಲ್ಲ ಅನ್ನುವುದು ನಿಜವಲ್ಲ

"ಆಗುಂಬೆ ಇರುವ ಜಿಲ್ಲೆ ನಮ್ಮದು. ಬಾವಿ ಬತ್ತಿದರೆ ಸಾವಿರ ಅಡಿ ಬೋರ್ ಹೊಡೆಸಿ, ಕೆಳಗೆ ನದಿಯೇ ಹರಿಯುತ್ತಿದೆ" ಎಂಬ ಮೆಸೇಜು ನಮ್ಮ ಶಿವಮೊಗ್ಗ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ.

ಮಳೆಯ ಮಾತು ಸರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬಿದ್ದು, ಇಳಿಜಾರಿನಲ್ಲಿ ಹಳ್ಳ ಸೇರಿ ಹೊರಟುಹೋಗುತ್ತದೆ. ಇಂಗಿದ್ದೂ ಜಾಸ್ತಿ ದಿನ ನಿಲ್ಲುವುದಿಲ್ಲ. ಒಂದು ಜಂಬಿಟ್ಟಿಗೆ ಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ಮೇಲೆ ಚೊಂಬು ನೀರು ಸುರಿದು ನೋಡಿ. ತೂತುಗಳಲ್ಲಿ ಇಳಿದು ಬದಿಯಿಂದ ಜಿನುಗುತ್ತದೆ. ಗುಡ್ಡವೂ ಹಾಗೇ. ಬೇಸಿಗೆ ಹೊತ್ತಿಗೆ ಒರತೆ ಸೊರಗುತ್ತದೆ.

ಇನ್ನು ಕೆಳಗಿರುವುದು ನದಿಯಲ್ಲ, ಗಟ್ಟಿ ಬಂಡೆ. ಬಯಲುಸೀಮೆಯ ಕೋಲಾರದಲ್ಲೂ ಅಷ್ಟೇ. ನೀರು ಸಿಗುವುದು ಬಂಡೆಯ ಬಿರುಕಿನಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಡಿಮೆ. ಸಾವಿರ ಅಡಿ ದಾಟಿಯೂ ಬರೀ ಧೂಳು ಬಂದ ಕಥೆ ಕೋಲಾರದವರನ್ನು ಕೇಳಿ. ಬೋರ್ ಪಾಯಿಂಟ್ ನೋಡುವವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಅನ್ನುತ್ತಾರೆ; ಅದು ಎದ್ದು ನಿಂತಿದ್ದು ಬಂಡೆಗೆ ಗೊತ್ತಾಗಲ್ಲ, ಅಲ್ವಾ?

ಜಿಲ್ಲೆಯೆಲ್ಲ ಆಗುಂಬೆಯೂ ಅಲ್ಲ. ಶಿಕಾರಿಪುರ, ಭದ್ರಾವತಿ ಕಡೆ ಅದರ ಕಾಲು ಭಾಗದಷ್ಟೂ ಮಳೆಯಿಲ್ಲ. ಅಲ್ಲಿ ಬಾವಿಗೆ ಜೀವ ಬರುವುದು ಮೇಲಿನ ಕೆರೆ ತುಂಬಿದಾಗ. ಬೋರ್ ಲಾರಿಗೆ ಅಡ್ವಾನ್ಸ್ ಕೊಡುವ ಮೊದಲು ಆ ಕೆರೆಯ ಹೂಳು ಎಷ್ಟಿದೆ ನೋಡಿ ಬನ್ನಿ.