ಕೇಳಿದವರ ಬಾಯಿ ಮುಚ್ಚಿಸಿದರೆ ಪ್ರಶ್ನೆ ಮುಗಿಯಿತಾ?

ಇವತ್ತು ಬೆಳಿಗ್ಗೆ ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ವಾಕಿಂಗ್ ಮುಗಿಸಿ ಬಂದ ಇಬ್ಬರು ಹಿರಿಯರು, ಕೈಯಲ್ಲಿ ಬೈಟು ಕಾಫಿ. ಒಬ್ಬರು ಕೇಳಿದರು: "ಅಲ್ಲಾ ಸಾರ್, ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದ ಊರು ಮಾಡಿಬಿಟ್ರಲ್ಲ, 2023ರಲ್ಲಿ ನಿಮ್ಮ ಸರ್ಕಾರ ಬಂದ ತಕ್ಷಣ ಪಾಲಿಕೆ ಚುನಾವಣೆ ಯಾಕೆ ಮಾಡಲಿಲ್ಲ?" ಇನ್ನೊಬ್ಬರು ತಟ್ಟನೆ, "ನಿಮ್ಮವರು ಇದ್ದಾಗ ಯಾಕೆ ಮಾಡಲಿಲ್ಲ, ಅದು ಹೇಳಿ ಮೊದಲು!"

ಅಷ್ಟೇ. ಕೇಳಿದವರು ತಲೆ ತಗ್ಗಿಸಿದರು. ಸುತ್ತ ನಿಂತಿದ್ದವರೂ ಸರಿಯಾದ ಉತ್ತರ ಸಿಕ್ಕಿತು ಎನ್ನುವ ಹಾಗೆ ತಲೆ ಆಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ಉತ್ತರ ಎಲ್ಲಿ ಸಿಕ್ಕಿತು?

ಬೆಂಗಳೂರಿನ ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಆಗ 198 ವಾರ್ಡ್. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳುತ್ತದೆ, 74ನೇ ತಿದ್ದುಪಡಿ ಬಂದಾಗಿನಿಂದ. ಆದರೆ ಬಿಜೆಪಿ ಸರ್ಕಾರ ಇದ್ದಾಗ ವಾರ್ಡ್ 243 ಆಯಿತು, ಕಾಂಗ್ರೆಸ್ ಬಂದ ಮೇಲೆ 225 ಆಯಿತು, ಚುನಾವಣೆ ಮಾತ್ರ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆದವು. ಆ ದಿನವೂ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಐದು ವರ್ಷ! ಇಬ್ಬರೂ ಮಾಡಿದ್ದಾರೆ. ಹಾಗಿದ್ದರೆ ತಪ್ಪು ಎರಡಾಯಿತು, ಅಲ್ವಾ? ಒಂದನ್ನು ಇನ್ನೊಂದರಿಂದ ಕಳೆದರೆ ಸೊನ್ನೆ ಬರುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರು?

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರು ಎನ್ನುತ್ತಾರೆ. ಸರಿ, ತೋರಿಸಿದವರ ಎಲೆಯಲ್ಲಿ ಹೆಗ್ಗಣವೇ ಇರಲಿ. ನನ್ನ ಎಲೆಯ ನೊಣ ಅದರಿಂದ ಹಾರಿ ಹೋಯಿತಾ? ಊಟ ಮಾಡಬೇಕಾದವನು ನಾನು.

ಇಬ್ಬಂದಿತನ ತೋರಿಸುವುದೇ ಬೇಡವಾ ಎಂದು ನೀವು ಕೇಳಬಹುದು. ತೋರಿಸಿ, ಖಂಡಿತ. ವೋಟು ಹಾಕುವಾಗ ಯಾರನ್ನು ನಂಬಬೇಕು ಎಂದು ತಿಳಿಯಲು ಅದು ಬೇಕು. ಆದರೆ ಮೊದಲು ನಿಮಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಿ, ಆಮೇಲೆ ತೋರಿಸಿ. ಈ ಕ್ರಮದಲ್ಲಿ ಮಾಡುವವರನ್ನು ನಾನಂತೂ ಜಾಸ್ತಿ ನೋಡಿಲ್ಲ. ಇನ್ನೊಂದು ವಿಷಯ, "ನಿಮ್ಮವರು" ಎನ್ನುವ ಮಾತು. ಮೋರಿ ಕಟ್ಟಿಕೊಂಡಿದೆ ಎಂದು ಹೇಳಿದ ಮನುಷ್ಯನಿಗೆ ಸುಮ್ನೆ ಒಂದು ಪಕ್ಷದ ಅಂಗಿ ತೊಡಿಸಿಬಿಡುತ್ತಾರೆ.

ಇಷ್ಟು ಸಿಟ್ಟು ಯಾಕೆ ಬಂತು ಎಂದರೆ, ನಾನೂ ಇದನ್ನೇ ಮಾಡಿದ್ದೇನೆ. 2019ರಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಬಿದ್ದು, ಪಕ್ಷಾಂತರದ ಕಾರಣಕ್ಕೆ 17 ಶಾಸಕರು ಅನರ್ಹರಾದ ಸಮಯ. ಮನೆಯಲ್ಲಿ ಹಬ್ಬದ ಊಟ. ಭಾವ ಕೇಳಿದರು, "ನಾನು ಒಂದು ಪಕ್ಷಕ್ಕೆ ಅಂತ ಹಾಕಿದ ವೋಟಿಗೆ ಬೆಲೆ ಏನಪ್ಪಾ?" ನಾನು ತಕ್ಷಣ, "ನಿಮ್ಮ ಪಕ್ಷ ಹಿಂದೆ ಯಾವತ್ತೂ ಶಾಸಕರನ್ನು ಸೆಳೆದಿಲ್ವಾ ಭಾವ?" ಎಂದೆ. ಅವರು ಸುಮ್ಮನೆ ಅನ್ನ ಕಲಸಿದರು. ನಾನು ಗೆದ್ದೆ ಎಂದುಕೊಂಡೆ. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆದಾಗ, ಅದರಲ್ಲಿ ಭಾವನ ಕ್ಷೇತ್ರವೂ ಇತ್ತು, ಅವರು ಸಾಲಲ್ಲಿ ನಿಂತು ಮತ್ತೆ ವೋಟು ಹಾಕಿ ಬಂದರು. ಆಮೇಲೆ ನನ್ನ ಹತ್ತಿರ ರಾಜಕೀಯ ಮಾತಾಡಿಲ್ಲ. ಅವರ ಪ್ರಶ್ನೆ ಒಳ್ಳೆಯ ಪ್ರಶ್ನೆಯಾಗಿತ್ತು. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಭಾವ, ನೀವು ಇದನ್ನು ಓದಿದರೆ, ತಪ್ಪಾಯಿತು.

ನಾಳೆ ಬೆಳಿಗ್ಗೆ ಆ ಇಬ್ಬರು ಅಲ್ಲೇ ಸಿಕ್ಕರೆ ಕೇಳುವವನಿದ್ದೇನೆ: 2020ರಿಂದ 2023ರವರೆಗಿನ ಉತ್ತರ ನೀವು ಕೊಡಿ ಸಾರ್, 2023ರ ನಂತರದ್ದು ನೀವು ಕೊಡಿ. ಕಾಫಿ ನಾನು ಕೊಡಿಸುತ್ತೇನೆ.