ಮಹಾರಾಣಿಗೆ ಮೊಟ್ಟೆ, ಪ್ರಜೆಗೆ ಲೋಟ

ರಷ್ಯಾದ ಝಾರ್ ಎರಡನೇ ನಿಕೊಲಾಸ್ 1896ರಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡ. ಆ ಸಂಭ್ರಮದ ನೆನಪಿಗೆ ಎರಡು ಎನಾಮೆಲ್ ಸಾಮಾನು ತಯಾರಾದವು: ಪ್ರಜೆಗಳಿಗೆ ಲೋಟ, ಮಹಾರಾಣಿ ಅಲೆಕ್ಸಾಂಡ್ರಾಗೆ ಚಿನ್ನದ ಈಸ್ಟರ್ ಮೊಟ್ಟೆ. ಎರಡರ ಮೂಲವಿದ್ಯೆಯೂ ಒಂದೇ, ಲೋಹದ ಮೇಲೆ ಗಾಜಿನ ಪುಡಿ ಕರಗಿಸಿ ಅಂಟಿಸುವುದು. ಸಮಾನತೆ ಅಂದರೆ ಇದು!

ಲೋಟದ ಕತೆ ಚಿಕ್ಕದು. ಮೇಲೆ ರಾಜದಂಪತಿಯ ಮೊದಲಕ್ಷರ, ಕಿರೀಟ, ಇಸವಿ. ಮುಗಿಯಿತು.

ಅರಮನೆಯ ಅಕ್ಕಸಾಲಿಗ ಫಾಬೆರ್ಜೆಯ ಮೊಟ್ಟೆಗೆ ಮಾತ್ರ ತಾಳ್ಮೆ ಬೇಕು. ಮೊದಲು ಚಿನ್ನದ ಚಿಪ್ಪಿನ ಮೇಲೆ ಯಂತ್ರದಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯಬೇಕು; ಬೆಳಕು ಅಲ್ಲಿಗಿಳಿದು ಮಿನುಗಿ ಬರುತ್ತದೆ. ಅರೆದ ಗಾಜನ್ನು ತೊಳೆದು, ಒದ್ದೆಯಾಗಿಯೇ ತೆಳ್ಳಗೆ ಹರಡಿ, ಪೂರ್ತಿ ಒಣಗಿಸಿ 700–800 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಗೆ ಹಾಕಬೇಕು. ಪಸೆ ಉಳಿದಿದ್ದರೆ ಆವಿಯೆದ್ದು ಪದರ ಸಿಡಿಯುತ್ತದೆ. ಒಂದು ಕಣ ದೂಳು ಸೇರಿತೋ, ಕಪ್ಪು ಚುಕ್ಕೆ. ಆರುವಾಗ ಚಿನ್ನವೂ ಗಾಜೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲವಾದ್ದರಿಂದ ಒಳಮೈಗೂ ಎನಾಮೆಲ್ ಕೊಡಬೇಕು, ಇಲ್ಲದಿದ್ದರೆ ಬಿರುಕು. ಹೀಗೆ ಐದಾರು ಸುತ್ತು. ಐದನೆಯದರಲ್ಲಿ ಕೆಟ್ಟರೆ ಹಿಂದಿನ ನಾಲ್ಕೂ ದಂಡ.

ಒಳಗೊಂದು ಪಟ್ಟಾಭಿಷೇಕದ ಸಾರೋಟು. ಉದ್ದ ಹತ್ತು ಸೆಂಟಿಮೀಟರೂ ಇಲ್ಲ. ಜಾರ್ಜ್ ಸ್ಟೈನ್ ಎಂಬ ಕುಶಲಕರ್ಮಿ ಅದಕ್ಕೆ 15 ತಿಂಗಳು ಕೂತ. ಕಿಟಕಿಗೆ ಸ್ಫಟಿಕ, ಚಕ್ರಕ್ಕೆ ಪ್ಲಾಟಿನಂ ಪಟ್ಟಿ. ಬಾಗಿಲು ತೆರೆದರೆ ಮಡಚಿದ ಮೆಟ್ಟಿಲು ಇಳಿಯುತ್ತದೆ. ಯಾರೂ ಕೂರಲಾಗದ ಆ ಗಾಡಿಗೆ ಕುಲುಕಾಟ ತಡೆಯುವ ಸ್ಪ್ರಿಂಗೂ ಉಂಟು.

ಲೋಟ ಹಂಚಿದ್ದು ಮಾಸ್ಕೋದ ಖೋದಿಂಕಾ ಮೈದಾನದಲ್ಲಿ. ಸೈನಿಕರ ಕವಾಯತಿನ ಜಾಗ, ತುಂಬ ಹಳ್ಳ, ಕಂದಕ. ಅವನ್ನು ಮುಚ್ಚಲು 15 ತಿಂಗಳೂ ಬೇಡ, ಪ್ಲಾಟಿನಮ್ಮೂ ಬೇಡ; ಮಣ್ಣು ಸಾಕಿತ್ತು. ರಾತ್ರಿಯೇ ಲಕ್ಷಾಂತರ ಜನ ನೆರೆದರು. ಲೋಟ, ಬ್ರೆಡ್ಡು, ಸಾಸೇಜು ಎಲ್ಲರಿಗೂ ಸಾಲುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತು, ನೂಕುನುಗ್ಗಲಾಯಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 1,389. ಅದೇ ಸಂಜೆ ಫ್ರೆಂಚ್ ರಾಯಭಾರಿಯ ಔತಣನೃತ್ಯಕ್ಕೆ ದೊರೆ ಹೋದ. ಸ್ನೇಹರಾಷ್ಟ್ರ ಬೇಸರಪಟ್ಟುಕೊಂಡರೆ ಕಷ್ಟ ನೋಡಿ.

ಮರುವರ್ಷದ ಈಸ್ಟರ್‌ಗೆ ಮೊಟ್ಟೆ ಅರಮನೆ ಸೇರಿತು, ಒಂದು ಬಿರುಕೂ ಇಲ್ಲದೆ. ಬಿಲ್ಲು 5,000 ರೂಬಲ್ ದಾಟಿತ್ತು. ಲೋಟವನ್ನಂತೂ ಪುಕ್ಕಟೆ ಕೊಟ್ಟಿದ್ದರು.